ಎಂಟನೇ ತರಗತಿಯಲ್ಲೇ ಮುಚ್ಚಿಬಿಡುವ ಬಾಗಿಲು

(ಪದವಿ ಕಾಲೇಜುಗಳಲ್ಲಿ ಗಣಕ ವಿಜ್ಞಾನ ಕಲಿಸುವ ಅಧ್ಯಾಪಕರ ಕಾರ್ಯಾಗಾರದಲ್ಲಿ, ಅಂಗವಿಕಲ ವಿದ್ಯಾರ್ಥಿಗಳಿಗೆ ಕಂಪ್ಯೂಟರ್ ಶಿಕ್ಷಣ ದಕ್ಕಿಸುವ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಸಮಯದ ಅಭಾವದಿಂದ ಅಲ್ಲಿ ಓಡಿಸಿಕೊಂಡು ಹೋದ ಕೆಲವು ಸಂಗತಿಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.)

ಅಧ್ಯಾಪಕ ಮಿತ್ರರೇ,

ಮಾತಿಗೆ ಮೊದಲು ನಿಮಗೊಂದು ಧ್ವನಿಯನ್ನು ಕೇಳಿಸುತ್ತೇನೆ. “ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಶಾರ್ಪ್ ಎಸ್, ಕ್ಯೂ, ಎ ಗ್ರೇವ್.” ಇದು ಯಾವ ಭಾಷೆ ಎಂದು ಕೇಳಿದ್ದಕ್ಕೆ ಮುಂದಿನ ಸಾಲಿನಲ್ಲಿ ಕುಳಿತ ಒಬ್ಬರು ಫ್ರೆಂಚ್ ಇರಬಹುದು ಎಂದಿರಿ, ಹಿಂದಿನಿಂದ ಯಾರೋ ಪಾಸ್‌ವರ್ಡ್ ಎಂದಿರಿ. ಇದು ‘ಕನ್ನಡ’ ಎಂಬ ಮೂರಕ್ಷರದ ಪದ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಕಡತವನ್ನು, ಪರದೆಯ ಮೇಲಿನದನ್ನು ಅಂಧರಿಗೆ ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಅಕ್ಷರ ಅಕ್ಷರವಾಗಿ ಓದಿದಾಗ ನಮ್ಮ ಭಾಷೆಯ ಹೆಸರು ಕಿವಿಗೆ ಬೀಳುವುದು ಹೀಗೆ. ಕಣ್ಣಿಲ್ಲದ ವಿದ್ಯಾರ್ಥಿಯೊಬ್ಬ ಇಪ್ಪತ್ತು ಪುಟಗಳ ಪಠ್ಯಕ್ರಮವನ್ನು, ಪ್ರವೇಶ ಪ್ರಕಟಣೆಯನ್ನು, ಹಳೆಯ ಪ್ರಶ್ನೆಪತ್ರಿಕೆಯನ್ನು ಇದೇ ಭಾಷೆಯಲ್ಲಿ ಓದಬೇಕಾಗಿ ಬಂದರೆ ಏನಾಗುತ್ತದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಆದರೆ ಇದು ಏಕೆ ಹೀಗಾಗುತ್ತದೆ ಎಂಬುದನ್ನು ವಿವರಿಸಬೇಕು, ಏಕೆಂದರೆ ಇಂದಿನ ನನ್ನ ಮಾತಿನ ತಿರುಳೇ ಅಲ್ಲಿದೆ. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ಬಳಕೆಗೆ ಬರುವ ಮುನ್ನ ಕನ್ನಡದ ಅಕ್ಷರಗಳಿಗೆ ಕಂಪ್ಯೂಟರಿನ ಒಳಗೆ ಸ್ವಂತ ಜಾಗವಿರಲಿಲ್ಲ. ಹಾಗಾಗಿ ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ನಮ್ಮ ಅಕ್ಷರಗಳ ಚೂರುಗಳನ್ನು ಕೂರಿಸಲಾಯಿತು. ‘ಕ್’ ಎಂಬ ಚೂರು ‘ಪಿ’ಯ ಜಾಗದಲ್ಲಿ, ನಕಾರದ ಒತ್ತು ಜರ್ಮನ್ ಅಕ್ಷರವೊಂದರ ಜಾಗದಲ್ಲಿ. ಕಣ್ಣಿಗೆ ಕಾಣುವುದು ಅಚ್ಚ ಕನ್ನಡ, ಯಂತ್ರದ ಹೊಟ್ಟೆಯಲ್ಲಿರುವುದು ಇನ್ನೇನೋ. ಸ್ಕ್ರೀನ್ ರೀಡರ್ ಎಂಬ ತಂತ್ರಾಂಶ ಅಕ್ಷರದ ಆಕಾರವನ್ನು ನೋಡುವುದಿಲ್ಲ, ಆ ಹೊಟ್ಟೆಯಲ್ಲಿರುವುದನ್ನು ಓದುತ್ತದೆ. ಇಲ್ಲಿ ನಾನು ಯಾರನ್ನೂ ದೂರುತ್ತಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ ಮತ್ತು ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶ ಇಲ್ಲದೇ ಹೋಗಿದ್ದರೆ ನಮ್ಮ ಕಚೇರಿಗಳಲ್ಲಿ ಕನ್ನಡ ಅಷ್ಟು ಬೇಗ ಕಂಪ್ಯೂಟರ್ ಏರುತ್ತಿರಲಿಲ್ಲ. ಆದರೆ ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು, ಇಂದು ಪ್ರತಿಯೊಬ್ಬರ ಫೋನಿನಲ್ಲೂ ಅದೇ ಇದೆ, ನುಡಿಯೂ ಯೂನಿಕೋಡಿನಲ್ಲಿ ಬರೆಯುತ್ತದೆ, ಹಳೆಯ ಕಡತವನ್ನು ಹೊಸದಕ್ಕೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಇಷ್ಟಿದ್ದೂ ಹಳೆಯ ಫಾಂಟಿನ ಕಡತಗಳು ಕೈಯಿಂದ ಕೈಗೆ ಓಡಾಡುತ್ತಲೇ ಇವೆ. ಡಿಟಿಪಿ ಮಾಡುವವರಿಗೆ ಅದೇ ಅಭ್ಯಾಸ, ಮುದ್ರಿಸಿದರೆ ಎರಡೂ ಒಂದೇ ಥರ ಕಾಣುತ್ತವೆ, ಯಾರಿಗೂ ತೊಂದರೆ ಆದಂತೆ ತೋರುವುದಿಲ್ಲ.

ಈ ‘ಯಾರಿಗೂ ತೊಂದರೆ ಆದಂತೆ ತೋರುವುದಿಲ್ಲ’ ಎಂಬ ಸ್ಥಿತಿಯ ಬಗ್ಗೆಯೇ ನಾನು ಮಾತನಾಡಲು ಬಂದಿರುವುದು. ಅಂಗವಿಕಲರಿಗೆ ತಂತ್ರಜ್ಞಾನದ ಉದ್ಯೋಗ ಸಿಗದಿರುವುದಕ್ಕೆ ಕಂಪನಿಗಳ ಮನಸ್ಸು ಸಣ್ಣದಾಗಿರುವುದೇ ಕಾರಣ ಎಂದು ಹದಿನೈದು ವರ್ಷಗಳ ಹಿಂದೆ ಅವರಿಗೆ ಕಂಪ್ಯೂಟರ್ ಕಲಿಸುವ ಈ ಕೆಲಸಕ್ಕೆ ಬಂದಾಗ ನಾನೂ ನಂಬಿದ್ದೆ. ನಾನು ಕಣ್ಣು ಕಾಣುವವನು, ಕೈಕಾಲು ನೆಟ್ಟಗಿರುವವನು. ಕಲಿಸಲು ಹೋಗಿ ಕಲಿತವನು. ಕಲಿತದ್ದೇನೆಂದರೆ, ಹೆಚ್ಚಿನವರು ಸಂದರ್ಶನದ ಕೋಣೆಯವರೆಗೆ ಬರುವುದೇ ಇಲ್ಲ. ಅದಕ್ಕೂ ಬಹಳ ಹಿಂದೆ, ಶಾಲೆಯಲ್ಲಿ, ಲ್ಯಾಬಿನಲ್ಲಿ, ಒಂದು ಅರ್ಜಿ ನಮೂನೆಯಲ್ಲಿ, ಯಾರ ದ್ವೇಷವೂ ಇಲ್ಲದೆ, ಎಷ್ಟೋ ಸಲ ಕರುಣೆಯಿಂದಲೇ ಬಾಗಿಲು ಮುಚ್ಚಿರುತ್ತದೆ.

ನಡುವೆ ಪದಗಳ ಬಗ್ಗೆ ಒಂದು ಮಾತು. ಅಂಗವಿಕಲ ಎಂಬುದು ಸರ್ಕಾರಿ ಕಾಗದಗಳಲ್ಲಿ ವಿಕಲಚೇತನವಾಯಿತು, ಕೆಲವರು ವಿಶೇಷಚೇತನ ಎಂದರು, ದೆಹಲಿಯಿಂದ ದಿವ್ಯಾಂಗ ಬಂತು. ನನ್ನ ವಿದ್ಯಾರ್ಥಿಯೊಬ್ಬಳು, “ಸರ್, ನನ್ನ ಕಾಲಿಗೆ ಪೋಲಿಯೋ ಆಗಿದ್ದು, ಚೇತನಕ್ಕಲ್ಲ” ಎಂದು ನಕ್ಕಿದ್ದಳು. ಅಂದಿನಿಂದ ನಾನು ಅಂಗವಿಕಲ ಎಂದೇ ಹೇಳುತ್ತೇನೆ. ಹೆಸರು ಬದಲಾದಷ್ಟು ವೇಗದಲ್ಲಿ ಹಳೆಯ ಫಾಂಟಿನ ಪಿಡಿಎಫ್‌ಗಳು ಬದಲಾಗಿದ್ದರೆ ಈ ಉಪನ್ಯಾಸ ಬೇಕಾಗುತ್ತಿರಲಿಲ್ಲ.

ಕರುಣೆಯಿಂದ ಮುಚ್ಚಿದ ಬಾಗಿಲಿನ ವಿಷಯಕ್ಕೆ ಬರುತ್ತೇನೆ. ನಮ್ಮ ರಾಜ್ಯದಲ್ಲಿ ಅಂಧ ವಿದ್ಯಾರ್ಥಿಯು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಮತ್ತು ವಿಜ್ಞಾನದ ಬದಲು ಸಮಾಜಶಾಸ್ತ್ರ, ರಾಜ್ಯಶಾಸ್ತ್ರದಂಥ ವಿಷಯಗಳನ್ನು ಆಯ್ದುಕೊಳ್ಳಬಹುದು. ಇದು ಆಯ್ಕೆ, ಕಡ್ಡಾಯವಲ್ಲ. ಆದರೆ ವ್ಯವಹಾರದಲ್ಲಿ ಹೈಸ್ಕೂಲಿಗೆ ಕಾಲಿಟ್ಟ ಕೂಡಲೇ, ಅಂದರೆ ಎಂಟನೇ ತರಗತಿಯಲ್ಲೇ, ‘ಪಾಪ, ಇವನಿಗೆ ರೇಖಾಗಣಿತ ಹೇಗೆ ಬರಬೇಕು’ ಎಂದು ಮೇಷ್ಟ್ರೂ ತಂದೆತಾಯಿಯೂ ಸೇರಿ ತೀರ್ಮಾನ ಮಾಡಿರುತ್ತಾರೆ. ಹದಿಮೂರು ವರ್ಷದ ಹುಡುಗನಿಗೆ ಆ ಹೊತ್ತಿನಲ್ಲಿ ಅದು ಬಿಡುಗಡೆಯಂತೆಯೇ ಕಾಣುತ್ತದೆ. ಅಲ್ಲಿಂದ ಪಿಯುಸಿಯಲ್ಲಿ ಕಲಾ ವಿಭಾಗ, ಆಮೇಲೆ ಬಿ.ಎ., ಆಮೇಲೆ ಬಿ.ಎಡ್. ಅಥವಾ ಬ್ಯಾಂಕ್ ಪರೀಕ್ಷೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅವನು ನಮ್ಮ ತರಬೇತಿ ಕೇಂದ್ರಕ್ಕೆ ಬಂದು “ಸರ್, ನಾನು ಪ್ರೋಗ್ರಾಮಿಂಗ್ ಕಲಿಯಬೇಕು” ಎನ್ನುತ್ತಾನೆ. ಬುದ್ಧಿ ಚುರುಕಾಗಿರುತ್ತದೆ, ಆಸೆ ಇರುತ್ತದೆ; ಆದರೆ ಚರ ಎಂದರೆ ಏನು, ಫಂಕ್ಷನ್ ಎಂದರೆ ಏನು ಎಂಬುದನ್ನು ಬೀಜಗಣಿತದ ಮೂಲಕ ಕೈಬಳಕೆ ಮಾಡಿಕೊಳ್ಳಬೇಕಾಗಿದ್ದ ವರ್ಷಗಳು ಕಳೆದುಹೋಗಿರುತ್ತವೆ. ನಾವು ಆರು ತಿಂಗಳಲ್ಲಿ ಆ ಎಂಟು ವರ್ಷಗಳನ್ನು ತುಂಬಲು ಹೆಣಗುತ್ತೇವೆ. ಕೆಲವರಲ್ಲಿ ತುಂಬುತ್ತದೆ, ಹೆಚ್ಚಿನವರಲ್ಲಿ ತುಂಬುವುದಿಲ್ಲ.

ಕಣ್ಣಿಲ್ಲದೆ ಗಣಿತ ಕಲಿಯಲಾಗದು ಎಂಬುದು ಸುಳ್ಳು. ಪುಣೆಯ ಟಿ.ವಿ. ರಾಮನ್ ಹದಿನಾಲ್ಕನೇ ವಯಸ್ಸಿನಲ್ಲಿ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡರು; ಪುಣೆ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಐಐಟಿ ಮುಂಬಯಿಯಲ್ಲಿ ಗಣಕ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದು, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋದರು. 1994ರಲ್ಲಿ ಅವರು ಸಲ್ಲಿಸಿದ ಪ್ರಬಂಧದ ವಿಷಯವೇ ಗಣಿತದ ಸಮೀಕರಣಗಳನ್ನು ಧ್ವನಿಯಾಗಿ ಓದಿ ಹೇಳುವ ವ್ಯವಸ್ಥೆ. ಆಮೇಲೆ ಗೂಗಲ್‌ನಲ್ಲಿ ದುಡಿದರು. ಇನ್ನೂ ಈಚಿನವರು ದೆಹಲಿಯ ಕಾರ್ತಿಕ್ ಸಾಹ್ನಿ. ಹನ್ನೆರಡನೇ ತರಗತಿಯವರೆಗೆ ವಿಜ್ಞಾನ ಓದಿ ಒಳ್ಳೆಯ ಅಂಕ ಪಡೆದರೂ ಐಐಟಿ ಪ್ರವೇಶ ಪರೀಕ್ಷೆಗೆ, ಹೇಳಿದ್ದನ್ನು ಬರೆದುಕೊಡುವ ಬರಹಗಾರರ ನೆರವು ಸಿಗದೆ, 2013ರಲ್ಲಿ ಪೂರ್ಣ ವಿದ್ಯಾರ್ಥಿವೇತನದೊಂದಿಗೆ ಸ್ಟ್ಯಾನ್‌ಫರ್ಡ್ ಸೇರಿದರು. ಅಸಾಮಾನ್ಯರ ಕಥೆ ಹೇಳಿ ಸಾಮಾನ್ಯರ ಬಾಯಿ ಮುಚ್ಚಿಸುವ ಅಭ್ಯಾಸ ನನಗೆ ಇಷ್ಟವಿಲ್ಲ. ನಾನು ಈ ಇಬ್ಬರನ್ನು ನೆನೆದದ್ದು ಅವರು ಗಣಿತ ಬಿಟ್ಟಿರಲಿಲ್ಲ ಎಂಬ ಒಂದೇ ಕಾರಣಕ್ಕೆ.

ಅಂಗವಿಕಲರಿಗೆ ಎಂದು ಸಮಾಜ ಯಾವ ಯಾವ ಕೆಲಸಗಳನ್ನು ಆರಿಸಿಕೊಡುತ್ತ ಬಂದಿದೆ ಎಂಬುದನ್ನು ಒಮ್ಮೆ ನೋಡಿ. ಒಂದು ಕಾಲಕ್ಕೆ ಅಂಧರೆಂದರೆ ಬೆತ್ತದ ಕುರ್ಚಿ ಹೆಣೆಯುವವರು. ಸರ್ಕಾರಿ ಕಚೇರಿಗಳ ಕುರ್ಚಿಗಳೆಲ್ಲ ಅವರ ಕೈಯಲ್ಲೇ ಮರುಹುಟ್ಟು ಪಡೆಯುತ್ತಿದ್ದವು. ಪ್ಲಾಸ್ಟಿಕ್ ಕುರ್ಚಿ ಬಂತು, ಹೆಣಿಗೆ ಹೋಯಿತು. ಆಮೇಲೆ ಬ್ಯಾಂಕುಗಳಲ್ಲಿ, ಇಲಾಖೆಗಳಲ್ಲಿ ಟೆಲಿಫೋನ್ ಆಪರೇಟರ್ ಹುದ್ದೆ. ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದ. ನೇರ ಸಂಪರ್ಕದ ಫೋನುಗಳೂ ಮೊಬೈಲುಗಳೂ ಬಂದ ಮೇಲೆ ಟೆಲಿಫೋನ್ ಸ್ವಿಚ್‌ಬೋರ್ಡಿನ ಮುಂದೆ ಕುಳಿತವರಿಗೆ ಕೆಲಸವಿಲ್ಲದಂತಾಯಿತು. ಎರಡು ದಶಕಗಳ ಹಿಂದೆ ಬೆಂಗಳೂರಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ದೊಡ್ಡ ಭರವಸೆಯಾಗಿತ್ತು: ವೈದ್ಯರು ಹೇಳಿದ್ದನ್ನು ಕೇಳಿ ಬೆರಳಚ್ಚು ಮಾಡುವ ಕೆಲಸ, ಕಿವಿ ಮತ್ತು ಬೆರಳು ಸಾಕು. ಮಾತನ್ನು ಯಂತ್ರವೇ ಬರಹಕ್ಕಿಳಿಸತೊಡಗಿದಾಗ ಅದೂ ಕರಗಿತು. ಇಂದು ಅದೇ ಜಾಗದಲ್ಲಿ ವೆಬ್‌ಸೈಟುಗಳ ಆ್ಯಕ್ಸೆಸಿಬಿಲಿಟಿ ಪರೀಕ್ಷೆ, ಅಂದರೆ ಅವನ್ನು ಅಂಗವಿಕಲರೂ ಬಳಸಬಹುದೇ ಎಂದು ನೋಡುವ ಕೆಲಸ, ಬಂದು ಕೂತಿದೆ. ಅದು ಒಳ್ಳೆಯ ಕೆಲಸ, ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಅದನ್ನೇ ಮಾಡುತ್ತಿದ್ದಾರೆ. ಆದರೆ ಅಂಧರೆಂದರೆ ಅದೊಂದೇ ಎಂದು ತರಬೇತಿ ಕೇಂದ್ರಗಳೂ ನೇಮಕ ಮಾಡುವವರೂ ಒಪ್ಪಿಕೊಂಡುಬಿಟ್ಟಿರುವುದು ನನಗೆ ಭಯ ಹುಟ್ಟಿಸುತ್ತದೆ. ಒಂದು ಗುಂಪಿನ ಜನರಿಗೆ ಒಂದೇ ಕೆಲಸವನ್ನು ಗೊತ್ತುಪಡಿಸಿದಾಗಲೆಲ್ಲ ತಂತ್ರಜ್ಞಾನ ಆ ಕೆಲಸವನ್ನೇ ನುಂಗಿದೆ. ನಮಗೆ ಬೇಕಾದದ್ದು ಅಂಗವಿಕಲರಿಗಾಗಿ ಪ್ರತ್ಯೇಕ ಕೋರ್ಸ್ ಅಲ್ಲ. ನೀವು ಈಗ ನಡೆಸುತ್ತಿರುವ ಬಿ.ಸಿ.ಎ. ತರಗತಿಯೇ ಅವರಿಗೆ ದಕ್ಕುವಂತಾಗಬೇಕು.

ಅದಕ್ಕೆ ಮೊದಲು ಸ್ಕ್ರೀನ್ ರೀಡರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದಿರಬೇಕು. ಟೆಡ್ ಹೆಂಟರ್ ಎಂಬ ದೃಷ್ಟಿ ಕಳೆದುಕೊಂಡ ಎಂಜಿನಿಯರರ ಕಂಪನಿ ರೂಪಿಸಿದ ಜಾಸ್ ಎಂಬ ಸ್ಕ್ರೀನ್ ರೀಡರ್ 1995ರಲ್ಲಿ ವಿಂಡೋಸ್‌ಗೆ ಬಂತು. ಅದರ ಬೆಲೆ ನಮ್ಮ ಸಾಮಾನ್ಯ ವಿದ್ಯಾರ್ಥಿಗಳ ಕೈಗೆ ಎಟುಕುವಂಥದ್ದಾಗಿರಲಿಲ್ಲ. 2006ರಲ್ಲಿ ಆಸ್ಟ್ರೇಲಿಯಾದ ಅಂಧ ತರುಣ ಮೈಕೆಲ್ ಕರನ್ ಎನ್‌ವಿಡಿಎ ಎಂಬ ಮುಕ್ತ ತಂತ್ರಾಂಶವನ್ನು ಬರೆಯಲು ತೊಡಗಿದರು, ಅವರಂತೆಯೇ ಅಂಧರಾದ ಜೇಮ್ಸ್ ಟೆ ಜೊತೆಗೂಡಿದರು. ಉಚಿತವಾದ ಈ ತಂತ್ರಾಂಶ ನಮ್ಮ ದೇಶದಲ್ಲಿ ಮಾಡಿದ ಕೆಲಸ ಯಾವ ಸರ್ಕಾರಿ ಯೋಜನೆಗೂ ಕಡಿಮೆಯಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಕನ್ನಡವನ್ನೂ ಓದುತ್ತದೆ. ಅದಕ್ಕೆ ದನಿ ಕೊಡುವ ಇ-ಸ್ಪೀಕ್ ಎಂಬ ತಂತ್ರಾಂಶದ ಆ ಗೊಗ್ಗರು ದನಿ ಮೊದಲ ಸಲ ಕೇಳಿದವರಿಗೆ ನಗು ತರಿಸುತ್ತದೆ. ಪಳಗಿದವರು ಅದನ್ನೇ ಎಷ್ಟು ವೇಗವಾಗಿ ಓಡಿಸುತ್ತಾರೆಂದರೆ, ಇಷ್ಟು ವರ್ಷಗಳ ನಂತರವೂ ನನಗೆ ಒಂದು ಪದ ಹಿಡಿಯಲು ಆಗುವುದಿಲ್ಲ.

ಪರದೆಯ ಮೇಲಿನ ಪ್ರತಿಯೊಂದು ವಸ್ತುವೂ ತಾನು ಯಾರು, ತನ್ನ ಕೆಲಸವೇನು, ಈಗ ಯಾವ ಸ್ಥಿತಿಯಲ್ಲಿದ್ದೇನೆ ಎಂಬುದನ್ನು ಈ ತಂತ್ರಾಂಶಕ್ಕೆ ಹೇಳಬೇಕು. ‘ಸಲ್ಲಿಸು, ಬಟನ್’ ಎಂದು ಹೇಳಬೇಕಾದ ಕಡೆ ಬರೀ ‘ಬಟನ್’ ಎಂದರೆ, ಹೆಸರು ಹಚ್ಚದ ಡಬ್ಬಗಳು ಸಾಲಾಗಿರುವ ಅಡುಗೆಮನೆಯಲ್ಲಿ ಕತ್ತಲೆಯಲ್ಲಿ ಸಾಸಿವೆ ಹುಡುಕಿದಂತೆ. ಅಮೆರಿಕದ ವೆಬ್‌ಏಮ್ ಸಂಸ್ಥೆ ಪ್ರತಿ ವರ್ಷ 10 ಲಕ್ಷ ವೆಬ್‌ಸೈಟುಗಳ ಮುಖಪುಟಗಳನ್ನು ತಪಾಸಣೆ ಮಾಡುತ್ತದೆ. 2025ರಲ್ಲಿ ಅವುಗಳ ಪೈಕಿ ಶೇ. 94.8ರಷ್ಟರಲ್ಲಿ ಯಂತ್ರವೇ ಪತ್ತೆ ಮಾಡಬಲ್ಲ ದೋಷಗಳಿದ್ದವು. ದೋಷಗಳೋ, ಹೊಸವೇನಲ್ಲ: ಮಾಸಲು ಬಣ್ಣದ ಅಕ್ಷರ, ವಿವರಣೆಯಿಲ್ಲದ ಚಿತ್ರ, ಮಾಹಿತಿ ತುಂಬುವ ಹೆಸರಿಲ್ಲದ ಪೆಟ್ಟಿಗೆ, ಖಾಲಿ ಕೊಂಡಿ (ಲಿಂಕ್), ಖಾಲಿ ಬಟನ್, ಪುಟ ಯಾವ ಭಾಷೆಯದೆಂದು ಹೇಳದಿರುವುದು. ಈ ಕೊನೆಯದು ಕನ್ನಡಿಗರಾದ ನಮಗೆ ವಿಶೇಷವಾಗಿ ಸಂಬಂಧಿಸಿದ್ದು; ಪುಟ ಕನ್ನಡದ್ದೆಂದು ಅದರ ಕೋಡಿನಲ್ಲಿ ಒಂದು ಪದ ಬರೆಯದಿದ್ದರೆ ಇಂಗ್ಲಿಷ್ ದನಿ ಕನ್ನಡವನ್ನು ಓದಲು ಹೋಗಿ ತಡವರಿಸುತ್ತದೆ, ಇಲ್ಲವೇ ಮೌನವಾಗುತ್ತದೆ. ಇವನ್ನೆಲ್ಲ ಸರಿಪಡಿಸಲು ಸಂಶೋಧನೆ ಬೇಕಿಲ್ಲ. ನಿಮ್ಮ ವೆಬ್ ಡಿಸೈನ್ ಪತ್ರಿಕೆಯ ಮೊದಲ ತಿಂಗಳ ಪಾಠದಲ್ಲೇ ಬರಬೇಕಾದ ಸಂಗತಿಗಳಿವು. ನಿಮ್ಮಿಂದ ಕಲಿತು ಹೋದ ಮಕ್ಕಳೇ ನಾಳೆ ಆ ಹೆಸರಿಲ್ಲದ ಬಟನ್‌ಗಳನ್ನು ಮಾಡುವವರು.

ಇನ್ನು ತರಗತಿಯ ಒಳಗೆ. ನಮ್ಮ ಕಂಪ್ಯೂಟರ್ ಪಾಠದ ಭಾಷೆಯನ್ನು ಒಮ್ಮೆ ನೀವೇ ಧ್ವನಿಮುದ್ರಿಸಿಕೊಂಡು ಕೇಳಿ. “ಇಲ್ಲಿ ಕ್ಲಿಕ್ ಮಾಡಿ, ಆಮೇಲೆ ಇದನ್ನು ಅಲ್ಲಿಗೆ ಎಳೆಯಿರಿ, ಬಂತಲ್ಲ, ಈಗ ಆ ಕೆಂಪಗಿರೋದು ನೋಡಿ.” ನಾನೂ ಹೀಗೆಯೇ ಕಲಿಸುತ್ತಿದ್ದೆ. ಮೊದಲ ವಾರದಲ್ಲೇ ಹುಡುಗನೊಬ್ಬ ಎದ್ದು ನಿಂತು, “ಸರ್, ನಿಮ್ಮ ‘ಇಲ್ಲಿ’ ಎಲ್ಲಿ?” ಎಂದ. ಇಡೀ ತರಗತಿ ನಕ್ಕಿತು, ನಾನೂ ನಕ್ಕೆ. ಆದರೆ ಆ ರಾತ್ರಿ ಕುಳಿತು ಪಾಠದ ಟಿಪ್ಪಣಿಗಳಿಂದ ಇಲ್ಲಿ, ಅಲ್ಲಿ, ಇದು, ಅದು ಎಂಬುವನ್ನೆಲ್ಲ ತೆಗೆದು ಹಾಕಿ, ಅವುಗಳ ಜಾಗದಲ್ಲಿ ಕೀಲಿಗಳ ಹೆಸರನ್ನೂ ಮೆನುವಿನ ಹೆಸರನ್ನೂ ಬರೆದೆ. ಬೋರ್ಡಿನ ಮೇಲೆ ಬರೆಯುವುದನ್ನೆಲ್ಲ ಬಾಯಲ್ಲಿ ಹೇಳುತ್ತ ಬರೆಯುವುದು ರೂಢಿಯಾಯಿತು. ಹೀಗೆ ಕಲಿಸತೊಡಗಿದ ಮೇಲೆ ಕಣ್ಣಿರುವ ವಿದ್ಯಾರ್ಥಿಗಳೂ ಹಿಂದಿಗಿಂತ ಬೇಗ ಕಲಿತರು ಎಂಬುದು ನನ್ನ ಅನುಭವ. ಅವರ ಟಿಪ್ಪಣಿಗಳಲ್ಲೂ ‘ಇಲ್ಲಿ’ ಎಂದು ಬರೆದುಕೊಂಡು ಆಮೇಲೆ ಏನೂ ತಿಳಿಯದೆ ಒದ್ದಾಡುತ್ತಿದ್ದವರು ಇದ್ದರು.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಾಲಿನ ಮುಂದೆ ಬಿಡುವ ಖಾಲಿ ಜಾಗಕ್ಕೆ ಅರ್ಥವಿದೆ. ಖಾಲಿ ಜಾಗವನ್ನು ಅಂಧರು ಹೇಗೆ ನೋಡಬೇಕು ಎಂದು ಅಧ್ಯಾಪಕರೊಬ್ಬರು ನನ್ನನ್ನು ಕೇಳಿದ್ದುಂಟು. ಎನ್‌ವಿಡಿಎಯ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೊಂದು ಏರ್ಪಾಡಿದೆ: ಎಷ್ಟು ಜಾಗ ಬಿಟ್ಟಿದೆ ಎಂದು ಅದು ಬಾಯಲ್ಲಿ ಹೇಳಬಲ್ಲದು, ಅಥವಾ ಒಂದು ಸ್ವರವನ್ನು ನುಡಿಸಬಲ್ಲದು, ಜಾಗ ಹೆಚ್ಚಾದಂತೆ ಸ್ವರ ಏರುತ್ತದೆ. ಪಳಗಿದ ವಿದ್ಯಾರ್ಥಿಗೆ ಒಂದು ಲೂಪಿನೊಳಗೆ (ಮತ್ತೆ ಮತ್ತೆ ನಡೆಯುವ ಆದೇಶಗಳ ಗುಂಪು) ಇನ್ನೊಂದು ಲೂಪ್ ಹೊಕ್ಕಿದ್ದು ಸ್ವರದ ಏರಿಳಿತದಲ್ಲೇ ಗೊತ್ತಾಗುತ್ತದೆ. ಮಾಹಿತಿಯನ್ನು ಅಡ್ಡ ಸಾಲು, ಕಂಬಸಾಲುಗಳಲ್ಲಿ ಜೋಡಿಸುವ ಎರಡು ಆಯಾಮದ ಅರೇ ಕಲಿಸಲು ನಾನು ಮೊಟ್ಟೆ ಅಂಗಡಿಯಿಂದ ರಟ್ಟಿನ ಟ್ರೇ ತರುತ್ತೇನೆ. ಐದು ರೂಪಾಯಿ ನಾಣ್ಯವನ್ನು ಎರಡನೇ ಸಾಲಿನ ಮೂರನೇ ಗುಳಿಯಲ್ಲಿಟ್ಟು ಹುಡುಕಲು ಹೇಳಿದರೆ ಸಾಲು, ಕಂಬಸಾಲುಗಳ ಲೆಕ್ಕ ಬೆರಳಿಗೇ ಹತ್ತುತ್ತದೆ. ಸೊನ್ನೆಯಿಂದ ಎಣಿಸಬೇಕೋ ಒಂದರಿಂದಲೋ ಎಂಬ ಜಗಳವೂ ಅಲ್ಲೇ ತೀರುತ್ತದೆ. ಮಾಹಿತಿಯನ್ನು ಸರಪಳಿಯಂತೆ ಜೋಡಿಸುವ ಲಿಂಕ್ಡ್ ಲಿಸ್ಟಿಗೆ ಒಂದಕ್ಕೊಂದು ಸಿಕ್ಕಿಸಿದ ಸೇಫ್ಟಿ ಪಿನ್ನುಗಳು ಸಾಕು. ನಡುವಿನ ಒಂದನ್ನು ತೆಗೆಯುವಾಗ ಮೊದಲು ಯಾವ ಕೊಕ್ಕೆ ಬಿಚ್ಚಬೇಕು ಎಂಬುದನ್ನು ಕೈ ಮರೆಯುವುದಿಲ್ಲ.

ಎಲ್ಲಕ್ಕಿಂತ ನನ್ನನ್ನು ಕೆರಳಿಸುವುದು ಪ್ರೋಗ್ರಾಮಿಂಗ್ ಪರೀಕ್ಷೆ. ಕಂಪ್ಯೂಟರಿನಲ್ಲಿ ಸರಾಗವಾಗಿ ಕೋಡ್ ಬರೆಯುವ ಅಂಧ ವಿದ್ಯಾರ್ಥಿಯನ್ನು ಪರೀಕ್ಷಾ ಕೊಠಡಿಯಲ್ಲಿ ಕೂರಿಸಿ, ಪಕ್ಕದಲ್ಲಿ ಕಂಪ್ಯೂಟರ್ ಗೊತ್ತಿಲ್ಲದ ಬರಹಗಾರನನ್ನು ಕೊಟ್ಟು, ಪ್ರತಿ ಅರ್ಧವಿರಾಮವನ್ನೂ ಪ್ರತಿ ಆವರಣ ಚಿಹ್ನೆಯನ್ನೂ ಬಾಯಲ್ಲಿ ಹೇಳಿ ಕಾಗದದ ಮೇಲೆ ಬರೆಸುವಂತೆ ಮಾಡುತ್ತೇವೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಗಳು ಬ್ರೈಲ್, ಕಂಪ್ಯೂಟರ್, ದೊಡ್ಡ ಅಕ್ಷರ ಮೊದಲಾದ ವಿಧಾನಗಳಲ್ಲಿ ಆಯ್ಕೆಗೆ ಅವಕಾಶ ಕೊಡಬೇಕೆಂದಿದ್ದವು, ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಷ್ಟು ಹೆಚ್ಚುವರಿ ಸಮಯವನ್ನೂ ಹೇಳಿದ್ದವು. ಹೆಚ್ಚುವರಿ ಸಮಯ ಎಲ್ಲೆಡೆ ಸಿಗುತ್ತದೆ, ಏಕೆಂದರೆ ಅದನ್ನು ಕೊಡಲು ಗೋಡೆ ಗಡಿಯಾರ ಸಾಕು. ಕಂಪ್ಯೂಟರ್ ಕೇಳಿದರೆ ‘ನಿಯಮದಲ್ಲಿ ಇಲ್ಲ’ ಎಂಬ ಉತ್ತರ ಬರುತ್ತದೆ. ನಿಮ್ಮಲ್ಲಿ ಪರೀಕ್ಷಾ ಮಂಡಳಿಗಳಲ್ಲಿರುವವರು ಇದ್ದೀರಿ, ಆದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ.

ಕಿವುಡ ವಿದ್ಯಾರ್ಥಿಗಳ ವಿಷಯವೇ ಬೇರೆ. ಅವರಿಗೆ ಪರದೆ ಚೆನ್ನಾಗಿ ಕಾಣುತ್ತದೆ, ಆದ್ದರಿಂದ ಕಂಪ್ಯೂಟರ್ ಸುಲಭ ಎಂದು ತಿಳಿಯುವುದು ತಪ್ಪು. ಹುಟ್ಟಿನಿಂದ ಕಿವಿ ಕೇಳದವರಲ್ಲಿ ಅನೇಕರಿಗೆ ಸನ್ನೆ ಭಾಷೆ ಮೊದಲ ಭಾಷೆ, ಬರಹದ ಕನ್ನಡ ಎರಡನೆಯದು, ಇಂಗ್ಲಿಷ್ ಮೂರನೆಯದು. ನಾವು ಪಾಠ ಮಾಡುವುದು ಮಾತ್ರ ಆ ಮೂರನೆಯದರಲ್ಲಿ. ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಭಾರತೀಯ ಸನ್ನೆ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದಗಳಿದ್ದವು. ಆದರೂ ಪ್ರೋಗ್ರಾಮಿಂಗಿನಲ್ಲಿ ಒಂದರ ಗುಣಗಳನ್ನು ಇನ್ನೊಂದು ಪಡೆಯುವ ‘ಇನ್‌ಹೆರಿಟೆನ್ಸ್’ ಎಂಬುದಕ್ಕೆ ಆಸ್ತಿ ಹಂಚಿಕೆಯ ಸನ್ನೆ ಮಾಡಬೇಕೋ ಮಗ ತಂದೆಯನ್ನು ಹೋಲುವ ಸನ್ನೆಯೋ ಎಂಬುದನ್ನು ತರಗತಿಯಲ್ಲಿ ಎಲ್ಲರೂ ಸೇರಿ ಒಪ್ಪಬೇಕಾಗುತ್ತದೆ. ನಾನು ತಡವಾಗಿ ಅರಿತ ಇನ್ನೊಂದು ಸಂಗತಿ: ಕಿವುಡರಿಗೆ ಕೇಳುವುದಕ್ಕೂ ನೋಡುವುದಕ್ಕೂ ಇರುವುದು ಅದೇ ಒಂದು ಜೊತೆ ಕಣ್ಣು. ಪ್ರೊಜೆಕ್ಟರಿನಲ್ಲಿ ತೋರಿಸುತ್ತ ಮಾತನಾಡಿದರೆ ಅವರು ಪರದೆ ನೋಡಬೇಕೇ, ದುಭಾಷಿಯ ಕೈ ನೋಡಬೇಕೇ? ತೋರಿಸಿ, ನಿಲ್ಲಿಸಿ, ಆಮೇಲೆ ವಿವರಿಸಿ. ಬೋರ್ಡಿನತ್ತ ತಿರುಗಿ ಮಾತನಾಡಿದರೆ ತುಟಿ ಓದುವವರಿಗೆ ಅಷ್ಟೂ ಹೊತ್ತು ಪಾಠವೇ ಇಲ್ಲ. ಯಂತ್ರ ತಾನಾಗಿ ಮೂಡಿಸುವ ಅಡಿಬರಹಗಳನ್ನು ಪೂರ್ತಿ ನಂಬಬೇಡಿ. ಕನ್ನಡ, ಇಂಗ್ಲಿಷ್ ಬೆರೆಸಿ ಮಾತನಾಡುವ ನಮ್ಮ ತರಗತಿಯಲ್ಲಿ ಅವು ಏನೇನೋ ಬರೆಯುತ್ತವೆ.

ಕೈಗಳ ಮೇಲೆ ಹಿಡಿತ ಕಡಿಮೆ ಇರುವವರಿಗೆ ಬೇಕಾದ ಬಹಳಷ್ಟು ಸೌಲಭ್ಯ ನಿಮ್ಮ ಲ್ಯಾಬಿನ ಕಂಪ್ಯೂಟರಿನಲ್ಲಿ ಈಗಾಗಲೇ ಇದೆ. ಶಿಫ್ಟ್ ಕೀಲಿಯನ್ನು ಐದು ಸಲ ಒತ್ತಿದಾಗ ಧುತ್ತೆಂದು ಬರುವ ಆ ಸಂದೇಶವನ್ನು ಕಿರಿಕಿರಿ ಎಂದು ಆಫ್ ಮಾಡಿರುತ್ತೀರಿ. ಅದು ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಲಾಗದವರಿಗಾಗಿ ಇರುವಂಥದ್ದು. ಇನ್ನು, ಲ್ಯಾಬ್ ಎರಡನೇ ಮಹಡಿಯಲ್ಲಿದ್ದು ಲಿಫ್ಟ್ ಇಲ್ಲದಿದ್ದರೆ ನಾನು ಈ ವೇದಿಕೆಯಿಂದ ಹೇಳಬಹುದಾದ್ದು ಏನೂ ಇಲ್ಲ, ಲ್ಯಾಬನ್ನು ಕೆಳಗೆ ತನ್ನಿ ಎಂಬುದರ ಹೊರತು.

ಆಟಿಸಂ ಇರುವವರ ಬಗ್ಗೆ ನನಗೆ ನೇರ ಅನುಭವ ಕಡಿಮೆ. ಆದರೆ ಒಂದನ್ನು ನೆನಪಿಸಬೇಕು. ಎಸ್‌ಎಪಿ ಎಂಬ ಜರ್ಮನಿಯ ತಂತ್ರಾಂಶ ಕಂಪನಿಯು 2013ರಲ್ಲಿ ಆಟಿಸಂ ಇರುವವರ ನೇಮಕಕ್ಕಾಗಿ ಜಾಗತಿಕ ಕಾರ್ಯಕ್ರಮವನ್ನು ಘೋಷಿಸುವ ಮುನ್ನ ಅದರ ಪ್ರಯೋಗ ನಡೆದದ್ದು ನಮ್ಮ ಬೆಂಗಳೂರಿನ ಕಚೇರಿಯಲ್ಲಿ, ತಂತ್ರಾಂಶ ಪರೀಕ್ಷೆಯ ಕೆಲಸದಲ್ಲಿ. ಇಂಥವರನ್ನು ನೇಮಿಸಿಕೊಳ್ಳಬೇಕಾದರೆ ಬದಲಾಗಬೇಕಾದದ್ದು ಮುಖ್ಯವಾಗಿ ಸಂದರ್ಶನ: ಕಣ್ಣಲ್ಲಿ ಕಣ್ಣಿಟ್ಟು ಚುರುಕಾಗಿ ಮಾತನಾಡುವ ಕಲೆಯನ್ನು ಅಳೆಯುವ ಬದಲು ಕೆಲಸವನ್ನೇ ಕೊಟ್ಟು ನೋಡಬೇಕು. ಈ ಬುದ್ಧಿ ಎಲ್ಲರ ನೇಮಕಕ್ಕೂ ಒಳ್ಳೆಯದು.

ನೇಮಕದ ದಾರಿಯಲ್ಲಿ ಈಗ ಹೊಸದೊಂದು ಗೇಟು ಬಂದಿದೆ, ಆನ್‌ಲೈನ್ ಪರೀಕ್ಷೆ. ನಕಲು ತಡೆಯಲು ಬಳಸುವ ಬ್ರೌಸರ್ ಬೇರೆ ತಂತ್ರಾಂಶಗಳನ್ನೆಲ್ಲ ಮುಚ್ಚಿಸುತ್ತದೆ. ಸ್ಕ್ರೀನ್ ರೀಡರ್ ಕೂಡ ಅದರ ಲೆಕ್ಕದಲ್ಲಿ ‘ಬೇರೆ ತಂತ್ರಾಂಶ’. ಕ್ಯಾಮೆರಾ ‘ನಿಮ್ಮ ದೃಷ್ಟಿ ಪರದೆಯ ಮೇಲಿಲ್ಲ’ ಎಂದು ಎಚ್ಚರಿಸುತ್ತದೆ. ನನ್ನ ವಿದ್ಯಾರ್ಥಿನಿಯೊಬ್ಬಳ ಪರೀಕ್ಷೆಯನ್ನು ಒಂದು ಕಂಪನಿ ನಡುವೆಯೇ ನಿಲ್ಲಿಸಿತು, ಕೋಣೆಯಲ್ಲಿ ಇನ್ನೊಬ್ಬರ ದನಿ ಕೇಳಿಬರುತ್ತಿದೆ ಎಂಬ ಕಾರಣಕ್ಕೆ. ಆ ಇನ್ನೊಬ್ಬರು ಅವಳ ಸ್ಕ್ರೀನ್ ರೀಡರ್. ಮೂರು ಇ-ಮೇಲುಗಳ ನಂತರ ಮರುಪರೀಕ್ಷೆಗೆ ಅವಕಾಶ ಸಿಕ್ಕಿತು, ಅಷ್ಟರಲ್ಲಿ ಹುದ್ದೆ ತುಂಬಿತ್ತು.

ಕಾನೂನು ಇಲ್ಲವೆಂದಲ್ಲ. ಅಂಗವಿಕಲರ ಹಕ್ಕುಗಳ ಅಧಿನಿಯಮ 2016 ಮರುವರ್ಷ ಏಪ್ರಿಲ್ 19ರಂದು ಜಾರಿಗೆ ಬಂತು. 1995ರ ಕಾಯ್ದೆಯ 7 ಬಗೆಯ ಅಂಗವೈಕಲ್ಯಗಳ ಪಟ್ಟಿ 21ಕ್ಕೆ ಏರಿತು. ಸರ್ಕಾರಿ ಉದ್ಯೋಗದಲ್ಲಿ ಕನಿಷ್ಠ ಶೇ. 4, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಮೀಸಲಾತಿ ಇದೆ. ಖಾಸಗಿ ವಲಯಕ್ಕೆ ಮೀಸಲಾತಿ ಇಲ್ಲ, ಸಮಾನ ಅವಕಾಶದ ನೀತಿಯನ್ನು ಪ್ರಕಟಿಸುವ ಹೊಣೆ ಇದೆ. ಇವೆಲ್ಲಕ್ಕಿಂತ ಆಳವಾದದ್ದು ಕಾಯ್ದೆ ಹೇಳುವ ‘ಯುಕ್ತ ಹೊಂದಾಣಿಕೆ’, ಅಂದರೆ ಒಬ್ಬೊಬ್ಬರ ಅಗತ್ಯಕ್ಕೆ ತಕ್ಕ ಮಾರ್ಪಾಡು ಮಾಡಿಕೊಡಬೇಕು ಎಂಬ ತತ್ತ್ವ. ಬರೆಯಲು ಕೈ ಸಹಕರಿಸದ ಅಭ್ಯರ್ಥಿಯೊಬ್ಬರಿಗೆ ಬರಹಗಾರರನ್ನು ನಿರಾಕರಿಸಿದ್ದ ಪ್ರಕರಣದಲ್ಲಿ, 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಈ ಹೊಂದಾಣಿಕೆ ಒಂದು ಕೃಪೆಯಲ್ಲ, ಸಮಾನತೆಯ ಭಾಗ ಎಂಬ ನಿಲುವು ತಳೆಯಿತು. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ, ಅಂಗವಿಕಲರೂ ಬಳಸುವಂತಿರಬೇಕೆಂಬ ಸುಗಮ್ಯತೆಯ ಮಾನದಂಡಗಳು ಬರೀ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮಗಳಾಗಬೇಕು ಎಂದಿತು. 2025ರ ಏಪ್ರಿಲ್ 30ರ ತೀರ್ಪು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಬ್ಯಾಂಕ್ ಖಾತೆಯ ಡಿಜಿಟಲ್ ಪರಿಶೀಲನೆಯಲ್ಲಿ ಕಣ್ಣು ಮಿಟುಕಿಸಿ ಎಂದು ಯಂತ್ರ ಕೇಳುತ್ತದೆ. ಆ್ಯಸಿಡ್ ದಾಳಿಗೆ ಒಳಗಾದ ಹೆಣ್ಣುಮಗಳು ಹೇಗೆ ಮಿಟುಕಿಸಬೇಕು? ಡಿಜಿಟಲ್ ಸೌಲಭ್ಯ ಎಲ್ಲರಿಗೂ ದಕ್ಕುವುದು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಅಂಗವೆಂದು ನ್ಯಾಯಾಲಯ ಆ ಪ್ರಕರಣದಲ್ಲಿ ಹೇಳಿತು. ಪರೀಕ್ಷೆಯ ಕ್ಯಾಮೆರಾಗಳನ್ನು ಮಾರುವವರು ಆ ತೀರ್ಪನ್ನು ಓದಿಕೊಂಡರೆ ಒಳ್ಳೆಯದು.

ಉಪನ್ಯಾಸದ ಕೊನೆಗೆ, ಕಾರ್ಯಾಗಾರ ನಡೆದ ಕಾಲೇಜಿನ ಅಧ್ಯಾಪಕಿಯೊಬ್ಬರು ಎದ್ದು ನಿಂತು ನೇರವಾಗಿಯೇ ಕೇಳಿದರು: “ನಮ್ಮ ವಿಭಾಗದಲ್ಲಿ ಇಷ್ಟು ವರ್ಷಗಳಲ್ಲಿ ಒಬ್ಬ ಅಂಧ ವಿದ್ಯಾರ್ಥಿಯೂ ಬಂದಿಲ್ಲ. ಇದನ್ನೆಲ್ಲ ಯಾರಿಗಾಗಿ ಮಾಡಬೇಕು?” ಪ್ರಾಮಾಣಿಕವಾದ ಪ್ರಶ್ನೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಅವರಲ್ಲಿ ಕೆಲವರಾದರೂ ಆ ಕಾಲೇಜಿನ ಆಸುಪಾಸಿನಲ್ಲೇ ಇರಲೇಬೇಕು. ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. ಮತ್ತು ತಾಲ್ಲೂಕಿನ ಎಂ.ಆರ್.ಡಬ್ಲ್ಯೂ. ಎಂಬ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತವರ ಹೆಸರು ಅವರ ಬಾಯಲ್ಲೇ ಇರುತ್ತದೆ. ತರಬೇತಿಯ ನೆರವಿಗೆ ಬೆಂಗಳೂರಿನ ಎನೇಬಲ್ ಇಂಡಿಯಾ, ಸಮರ್ಥನಂ, ಮಿತ್ರಜ್ಯೋತಿ, 1959ರಿಂದ ಇರುವ ಎಪಿಡಿಯಂಥ ಸಂಸ್ಥೆಗಳಿವೆ. ಇಷ್ಟು ಹೇಳಿ, ಆ ಕಾಲೇಜಿನ ಪ್ರವೇಶ ಅರ್ಜಿಯನ್ನು ಅಂದು ಬೆಳಗ್ಗೆ ಹಾಸ್ಟೆಲಿನ ಕೋಣೆಯಲ್ಲಿ ಕುಳಿತು, ಮೌಸ್ ಮುಟ್ಟದೆ, ಸ್ಕ್ರೀನ್ ರೀಡರ್ ಹಾಕಿಕೊಂಡು ತುಂಬಲು ಯತ್ನಿಸಿದ್ದನ್ನು ತಿಳಿಸಿದೆ. ಮೊದಲ ನಾಲ್ಕು ಪೆಟ್ಟಿಗೆಗಳು ‘ಎಡಿಟ್’ ಎಂದಷ್ಟೇ ಹೇಳಿದವು. ಹೆಸರೆಲ್ಲಿ, ತಂದೆಯ ಹೆಸರೆಲ್ಲಿ ಎಂದು ಊಹೆಯ ಮೇಲೆ ತುಂಬಿದೆ. ಜನ್ಮದಿನಾಂಕಕ್ಕೆ ಬಂದಾಗ ಒಂದು ಕ್ಯಾಲೆಂಡರ್ ತೆರೆದುಕೊಂಡಿತು. ಅದರಲ್ಲಿ ವರ್ಷವನ್ನು ಆರಿಸಲು ಮೌಸ್ ಅಲ್ಲದೆ ಬೇರೆ ದಾರಿಯಿರಲಿಲ್ಲ. ಅಲ್ಲಿಗೆ ನನ್ನ ಪ್ರವೇಶ ಮುಗಿಯಿತು.

ಊಟದ ಬಿಡುವಿನಲ್ಲಿ ಆ ಅರ್ಜಿಯನ್ನು ನೋಡಿಕೊಳ್ಳುವ ತರುಣ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಅನ್ನ ಸಾರು ತಣ್ಣಗಾಗುವಷ್ಟರಲ್ಲಿ ನಾಲ್ಕೂ ಪೆಟ್ಟಿಗೆಗಳಿಗೆ ಹೆಸರು ಕೂತಿತು. ಕ್ಯಾಲೆಂಡರ್ ಹೊರಗಿನ ಕಂಪನಿಯವರದಂತೆ, ಅವರಿಗೆ ಬರೆಯಬೇಕಂತೆ. ಅಲ್ಲಿಯವರೆಗೆ ದಿನಾಂಕವನ್ನು ಬೆರಳಚ್ಚು ಮಾಡಲು ಪಕ್ಕದಲ್ಲಿ ಒಂದು ಸಾದಾ ಪೆಟ್ಟಿಗೆ ಇಡುತ್ತೇನೆ ಎಂದ. ಇದನ್ನು ಬರೆಯುವ ಮುನ್ನ ಮತ್ತೊಮ್ಮೆ ತೆರೆದು ನೋಡಿದೆ. ಆ ಪೆಟ್ಟಿಗೆ ಬಂದಿದೆ. ಕೆಳಗಿನ ಸಲ್ಲಿಸುವ ಬಟನ್ ಮಾತ್ರ ಇನ್ನೂ ‘ಬಟನ್’ ಎಂದಷ್ಟೇ ಹೇಳುತ್ತಿದೆ. ಅವನಿಗೆ ಇ-ಮೇಲ್ ಕಳುಹಿಸಿದ್ದೇನೆ.